ಹಳೇ ಆಲ್ಟೊ ಕಾರಿಗೆ ಹೊಸ ಸ್ಟೀರಿಯೊ ಸೆಟ್ಟು ನಾನೇ ಹಾಕ್ಬೇಕು ಅಂತಿದ್ದೀನಿ, ವೈರಿಂಗ್ ಎಬಿಸಿಡಿ ಗೊತ್ತಿಲ್ಲ

ನಾಪೋಕ್ಲು_ಹುಡುಗ

ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಆಲ್ಟೊ ತಗೊಂಡಿದ್ದೀನಿ, 2011 ಮಾಡೆಲ್ಲು. ಇಂಜಿನ್ ಚೆನ್ನಾಗಿದೆ, ಬಾಡಿನೂ ಪರ್ವಾಗಿಲ್ಲ, ಆದ್ರೆ ಮಾರಿದವರು ಹಳೇ ಸೆಟ್ಟು ಬಿಚ್ಕೊಂಡೇ ಕೊಟ್ಟಿದ್ದಾರೆ. ಬಿಚ್ಕೊಳ್ಳಿ ಬಿಡಿ, ಕಪ್ಲರ್ (ವೈರೆಲ್ಲ ಸೇರೋ ಪ್ಲಾಸ್ಟಿಕ್ ಪ್ಲಗ್ಗು) ಸಮೇತ ಕಟ್ ಮಾಡಿದ್ದಾರೆ ಪುಣ್ಯಾತ್ಮರು. ಈಗ ಡ್ಯಾಶ್‌ಬೋರ್ಡ್ ತೂತಿಂದ ಒಂದು ಹಿಡಿ ವೈರು ಹೊರಗೆ ನೇತಾಡ್ತಿದೆ, ಕೆಲವಕ್ಕೆ ಟೇಪ್ ಸುತ್ತಿದ್ದಾರೆ ಕೆಲವಕ್ಕೆ ಅದೂ ಇಲ್ಲ.

ಆನ್‌ಲೈನಲ್ಲಿ ಸಿಂಗಲ್ ಡಿನ್ (ಒಂದು ಖಾನೆ ಅಳತೆಯ) ಬ್ಲೂಟೂತ್ ಸೆಟ್ಟು ತರಿಸಿದ್ದೀನಿ. ಅದರ ಹಿಂದೆ ಹಳದಿ, ಕೆಂಪು, ಕಪ್ಪು, ನೀಲಿ, ಕಿತ್ತಳೆ, ಆಮೇಲೆ ಸ್ಪೀಕರಿಗೆ ಅಂತ ಇನ್ನೊಂದು ಎಂಟು ವೈರು ಇದೆ. ಕಾರ್ ಕಡೆನೂ ಒಂದು ಕೆಂಪು, ಒಂದು ಕಪ್ಪು, ಒಂದು ನೀಲಿ ಕಾಣಿಸ್ತಿದೆ, ಹಾಗಾದ್ರೆ ಬಣ್ಣಕ್ಕೆ ಬಣ್ಣ ಜೋಡಿಸಿಬಿಟ್ರೆ ಸಾಕಾ? ನಮ್ಮ ದೊಡ್ಡಪ್ಪನ ಮಗ ಹೇಳ್ತಾನೆ ಕೆಂಪು ಹಳದಿ ಎರಡನ್ನೂ ಸೇರಿಸಿ ತಿರುಚಿ ಒಂದೇ ಲೈನಿಗೆ ಕೊಡು ಅಂತ, ಅದು ಸರಿನಾ?

ಮಡಿಕೇರಿಲಿ ಅಂಗಡಿಗೆ ಬಿಟ್ರೆ ಹಾಕಿಕೊಡ್ತಾರೆ ಗೊತ್ತು, ಆದ್ರೆ ನಂಗೆ ಕಲೀಬೇಕು ಅಂತ ಆಸೆ. ಹತ್ರ ಇರೋದು ಸ್ಕ್ರೂಡ್ರೈವರ್, ಕಟಿಂಗ್ ಪ್ಲಯರ್, ಇನ್ಸುಲೇಷನ್ ಟೇಪು. ಪುತ್ತರಿ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ಮುಂಚೆ ಕಾರಲ್ಲಿ ಪಾಟ್ಟ್, ಅಂದ್ರೆ ಹಾಡು, ಕೇಳ್ಬೇಕು ಅಂತ ಮನೇಲಿ ಅಮ್ಮಂದು ಆರ್ಡರ್ ಆಗಿದೆ 😀

ಹತ್ತು_ನಂಬರ್_ಸ್ಪ್ಯಾನರ್

ತಮ್ಮಾ, ಟೇಪ್ ಆಮೇಲೆ, ಮೊದ್ಲು ಒಂದು ಡಿಜಿಟಲ್ ಮಲ್ಟಿಮೀಟರ್ ತಗೋ. ಯಾವ ಎಲೆಕ್ಟ್ರಿಕಲ್ ಅಂಗಡೀಲೂ ಸಿಗುತ್ತೆ, ಸಾದಾ ಮಾಡೆಲ್ ಸಾಕು. ಅದಿಲ್ದೆ ಆ ವೈರು ಮುಟ್ಲೇಬೇಡ.

ಬಣ್ಣದ ವಿಷಯ ಹೇಳ್ತೀನಿ ಕೇಳು. ಸೆಟ್ಟಿನ ಕಡೆ ಇರೋ ಬಣ್ಣ ನಂಬಬಹುದು, ಸುಮಾರು ಎಲ್ಲಾ ಕಂಪನಿನೂ ಒಂದೇ ತರ ಇಡ್ತಾರೆ. ಹಳದಿ ಅಂದ್ರೆ ಬ್ಯಾಟರಿಯಿಂದ ಯಾವಾಗ್ಲೂ ಬರೋ 12 ವೋಲ್ಟ್, ಗಡಿಯಾರ, ಸ್ಟೇಷನ್ ಮೆಮೊರಿ ಉಳಿಯೋದು ಅದ್ರಿಂದ, ಸೆಟ್ಟು ಜೋರಾಗಿ ಹಾಡುವಾಗ ಎಳೆಯೋ ಕರೆಂಟೂ ಅದರಲ್ಲೇ ಬರೋದು. ಕೆಂಪು ಅಂದ್ರೆ ಕೀ ಒಂದು ಸ್ಟೆಪ್ ತಿರುಗಿಸಿದ್ರೆ ಮಾತ್ರ ಬರೋ ಲೈನು, ಎಸಿಸಿ ಅಂತಾರಲ್ಲ ಅದು, ಸೆಟ್ಟು ಆನ್ ಆಗು ಆಫ್ ಆಗು ಅಂತ ಹೇಳೋದಷ್ಟೇ ಅದರ ಕೆಲಸ. ಕಪ್ಪು ಬಾಡಿ ಅರ್ತ್, ಅಂದ್ರೆ ಬ್ಯಾಟರಿ ಮೈನಸ್ ಸೇರಿರೋ ಕಾರಿನ ಕಬ್ಬಿಣದ ಬಾಡಿಗೆ ಹೋಗೋದು. ಕಿತ್ತಳೆ ಪಾರ್ಕ್ ಲೈಟಿಂದು, ರಾತ್ರಿ ಡಿಸ್‌ಪ್ಲೇ ಮಂಕಾಗಕ್ಕೆ, ಕೊಡದಿದ್ರೂ ನಡೆಯುತ್ತೆ. ನೀಲಿ ಸೆಟ್ಟಿಂದ ಹೊರಗೆ ಹೋಗೋ ಲೈನು, ಆಂಟೆನಾ ಅಥವಾ ಆಂಪ್ (ಆಂಪ್ಲಿಫೈಯರ್) ಆನ್ ಮಾಡಕ್ಕೆ, ಅದಕ್ಕೆ 12 ವೋಲ್ಟ್ ಕೊಡಬಾರದು. ಸ್ಪೀಕರಿಗೆ ಬಿಳಿ ಜೋಡಿ ಮುಂದಿನ ಎಡ, ಬೂದಿ ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಪ್ರತಿ ಜೋಡೀಲೂ ಕಪ್ಪು ಗೆರೆ ಇರೋದು ಮೈನಸ್. ಆದ್ರೂ ಸೆಟ್ಟಿನ ಮೇಲೆ ಅಂಟಿಸಿರೋ ಸ್ಟಿಕರ್ ಒಂದ್ಸಲ ನೋಡ್ಕೋ.

ಕಾರ್ ಕಡೆ ಬಣ್ಣ ಮಾತ್ರ ನಂಬಲೇಬೇಡ. ಕಾರ್ ಕಂಪನಿಗಳು ಅವರವರ ಲೆಕ್ಕದಲ್ಲಿ ಬಣ್ಣ ಕೊಡ್ತಾರೆ, ಅದರ ಮೇಲೆ ನಿನ್ನ ಕಾರಿಗೆ ಯಾರೋ ಮುಂಚೆ ಕೈ ಹಾಕಿ ಆಗಿದೆ. ಅಲ್ಲಿ ಮೀಟರ್ ಹೇಳಿದ್ದೇ ವೇದವಾಕ್ಯ.

ಹೆಂಗೆ ಚೆಕ್ ಮಾಡೋದು ಅಂದ್ರೆ, ಮೊದ್ಲು ಬ್ಯಾಟರಿ ಮೈನಸ್ ಬಿಚ್ಚು, ಹತ್ತರ ಸ್ಪ್ಯಾನರ್ ಸಾಕು. ನೇತಾಡ್ತಿರೋ ವೈರುಗಳ ತುದಿ ಒಂದಕ್ಕೊಂದು ತಾಗದ ಹಾಗೆ ಅಗಲಿಸಿ ತುದೀಲಿ ಅರ್ಧ ಸೆಂಟಿಮೀಟರ್ ಸುಲಿದು ಇಡು, ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸು. ಆಮೇಲೆ ಮೈನಸ್ ಮತ್ತೆ ಹಾಕಿ ಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ಕಡ್ಡಿನ ಬಾಡಿಯ ಬಣ್ಣ ಇಲ್ಲದ ಬೋಲ್ಟಿಗೆ ಹಿಡಿ, ಕೆಂಪು ಕಡ್ಡಿಲಿ ಒಂದೊಂದೇ ವೈರು ಮುಟ್ಟು. ಕೀ ಆಫಲ್ಲಿ ಒಂದ್ಸಲ, ಎಸಿಸಿಲಿ ಒಂದ್ಸಲ, ಪಾರ್ಕ್ ಲೈಟ್ ಹಾಕಿ ಒಂದ್ಸಲ, ಬಂದಿದ್ದೆಲ್ಲ ಬರ್ಕೋ. ಯಾವಾಗ್ಲೂ 12ರ ಮೇಲಿದ್ರೆ ಅದು ನಿನ್ನ ಹಳದಿಗೆ, ಕೀ ಜೊತೆ ಬಂದು ಹೋಗೋದು ಕೆಂಪಿಗೆ. ಏನೂ ಬರದೇ ಇರೋದ್ರಲ್ಲಿ ಅರ್ತ್, ಸ್ಪೀಕರ್ ಎರಡೂ ಇರ್ತವೆ, ಅದಕ್ಕೆ ಬ್ಯಾಟರಿ ಮೈನಸ್ ಮತ್ತೆ ಬಿಚ್ಚಿ ಮೀಟರನ್ನ ಓಮ್ಸ್‌ಗೆ (ವೈರಿನ ತಡೆ ಅಳೆಯೋದಕ್ಕೆ) ಇಟ್ಟು ನೋಡ್ಬೇಕು. ಬಾಡಿ ಜೊತೆ ಸೊನ್ನೆ ಹತ್ರ ತೋರಿಸಿದ್ರೆ ಅರ್ತ್. ಎರಡು ವೈರಿನ ನಡುವೆ ಮೂರೂವರೆ ಓಮ್ ಆಸುಪಾಸು ಬಂದ್ರೆ ಅದು 4 ಓಮ್ ಸ್ಪೀಕರ್ ಜೋಡಿ. ಆ ಜೋಡೀಲಿ ಯಾವ ವೈರೂ ಬಾಡಿಗೆ ತೋರಿಸಬಾರದು ನೆನಪಿರ್ಲಿ, ಈಗಿನ ಸೆಟ್ಟುಗಳಲ್ಲಿ ಸ್ಪೀಕರ್ ಮೈನಸ್ ಅರ್ತ್ ಅಲ್ಲ, ಬಾಡಿಗೆ ಕೊಟ್ರೆ ಒಳಗಿನ ಆಂಪ್ ಐಸಿ ಸುಟ್ಟೋಗುತ್ತೆ.

ದೊಡ್ಡಪ್ಪನ ಮಗ ಹೇಳಿದ ಹಾಗೆ ಎರಡೂ ಸೇರಿಸಿ ಬ್ಯಾಟರಿ ಲೈನಿಗೆ ಕೊಟ್ರೆ ಸೆಟ್ಟು ಹಾಡುತ್ತೆ, ಸುಳ್ಳಲ್ಲ. ಆದ್ರೆ ಕೀ ತೆಗೆದ್ರೂ ಆಫ್ ಆಗಲ್ಲ, ಕೈಯಲ್ಲಿ ಆಫ್ ಮಾಡಿದ್ರೂ ಪೂರ್ತಿ ಮಲಗದೆ ಕರೆಂಟ್ ಎಳೀತಾ ಇರುತ್ತೆ. ವಾರ ಕಾರ್ ತೆಗೀದೆ ಶೆಡ್ಡಲ್ಲಿ ನಿಲ್ಲಿಸಿ ಬೆಳಗ್ಗೆ ಚಳೀಲಿ ಸೆಲ್ಫ್ ಹೊಡೆದು ನೋಡು ಆಗ ಗೊತ್ತಾಗುತ್ತೆ. ಎರಡೂ ಎಸಿಸಿಗೆ ಕೊಟ್ರೆ ಬ್ಯಾಟರಿ ಇಳಿಯಲ್ಲ, ಆದ್ರೆ ಪ್ರತಿ ಸಲ ಟೈಮು ಸ್ಟೇಷನ್ ಎಲ್ಲಾ ಹೊಸದಾಗಿ ಇಡಬೇಕು.

ಜೀಪ್_ಸವಾರಿ

ಮೇಲೆ ಅಣ್ಣ ಹೇಳಿದ್ದು ಸರಿ. ನಮ್ಮ ಹಳೇ ಎಸ್ಟೇಟ್ ಜೀಪಿಗೆ ಎಸಿಸಿ ಅನ್ನೋ ಸ್ಟೆಪ್ಪೇ ಇಲ್ಲ, ಕೆಂಪು ವೈರಿಗೆ ಒಂದು ಟಾಗಲ್ ಸ್ವಿಚ್ ಹಾಕಿದ್ದೀನಿ. ಆಲ್ಟೊಗೆ ಅದೆಲ್ಲ ಬೇಡ.

ನಾನು ಹೇಳೋದು ಜಾಯಿಂಟ್ ಬಗ್ಗೆ. ತಿರುಚಿ ಟೇಪ್ ಸುತ್ತೋದು ಅಂತೂ ಬೇಡವೇ ಬೇಡ ಮಾರಾಯ, ನಮ್ಮೂರ ಮಳೆಗೆ ಟೇಪಿನ ಗೋಂದು ಬಿಟ್ಟು ಜಾರ್ಕೊಂಡು ಬರುತ್ತೆ, ಒಳಗೆ ತಾಮ್ರ ಹಸಿರು ಕಿಲುಬು ಹಿಡಿಯುತ್ತೆ, ಜೂನಿಂದ ಸೆಪ್ಟೆಂಬರ್ ತನಕ ಕಾರೊಳಗೆ ಸೀಟೇ ಬೂಸ್ಟ್ ಹಿಡಿಯುತ್ತೆ ಇನ್ನು ವೈರಿನ ಕಥೆ ಕೇಳ್ಬೇಕಾ. ಕೆಲವರು ಬೆಸುಗೆ ಹಾಕು ಅಂತಾರೆ, ಟೇಬಲ್ ಮೇಲೆ ಹಾಕೋದು ಸುಲಭ, ಡ್ಯಾಶ್‌ಬೋರ್ಡ್ ತೂತಲ್ಲಿ ಕೈ ತೂರಿಸಿ ಹೊಸಬರು ಹಾಕಿದ್ರೆ ಅರ್ಧಂಬರ್ಧ ಹಿಡಿಯುತ್ತೆ, ಜೊತೆಗೆ ಬೆಸುಗೆ ಮುಗಿಯೋ ಜಾಗದಲ್ಲಿ ವೈರು ಗಟ್ಟಿ ಕಡ್ಡಿ ಆಗಿರುತ್ತಲ್ಲ, ತೋಟದ ರಸ್ತೆ ಕುಲುಕಾಟಕ್ಕೆ ಅಲ್ಲೇ ಮುರಿಯೋದು. ಸರಿಯಾದ ಕ್ರಿಂಪಿಂಗ್ ಪ್ಲಯರಲ್ಲಿ ಲಗ್ (ವೈರಿನ ತುದಿ ಹಿಡಿಯೋ ಲೋಹದ ತುಂಡು) ಒತ್ತಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯೋ ಕೊಳವೆ) ಹಾಕಿ ಬಿಸಿ ಮಾಡಿ. ಸ್ಲೀವನ್ನ ಜಾಯಿಂಟ್ ಮಾಡೋಕ್ಕೆ ಮುಂಚೆನೇ ವೈರಿಗೆ ತೂರಿಸಿಡಬೇಕು, ಆಮೇಲೆ ತೂರಕ್ಕಾಗಲ್ಲ. ವೈರ್ ಮೇಲೆ ಕಚ್ಚಿಸೋ ಆ ನೀಲಿ ಪ್ಲಾಸ್ಟಿಕ್ ಕ್ಲಿಪ್ ಬರುತ್ತಲ್ಲ, ಅದು ಬೇಡ, ಒಂದೆರಡು ಎಳೆ ಕತ್ತರಿಸುತ್ತೆ, ತೇವನೂ ಒಳಗೆ ಬಿಡುತ್ತೆ.

ಹತ್ತು_ನಂಬರ್_ಸ್ಪ್ಯಾನರ್

ಕ್ರಿಂಪ್ ವಿಷಯದಲ್ಲಿ ನಂದೂ ಅದೇ ಓಟು. ಬೆಸುಗೆ ಚೆನ್ನಾಗಿ ಬರೋರು ಹಾಕಿ ವೈರನ್ನ ಟೈ ಹಾಕಿ ಕಟ್ಟಿದ್ರೆ ಏನೂ ಆಗಲ್ಲ, ಆದ್ರೆ ಇವನು ಹೊಸಬ.

ಕುಶಾಲನಗರದವಳು

ಒಂದು ವಿಷಯ ಯಾರೂ ಹೇಳಿಲ್ಲ. ಈ ಥ್ರೆಡ್ ನೋಡಿ ಹೊಸ ಕಾರಿನವರು ಮೀಟರ್ ಹಿಡ್ಕೊಂಡು ಡ್ಯಾಶ್‌ಬೋರ್ಡ್ ಬಿಚ್ಚಕ್ಕೆ ಹೋಗ್ಬೇಡಿ ಪ್ಲೀಸ್. ಏರ್‌ಬ್ಯಾಗ್ ಇರೋ ಕಾರಲ್ಲಿ ಹಳದಿ ಕನೆಕ್ಟರ್, ಹಳದಿ ಕವಚ ಇರೋ ವೈರು ಕಂಡ್ರೆ ಅದು ಏರ್‌ಬ್ಯಾಗಿಂದು, ಅದನ್ನ ಮೀಟರಲ್ಲಿ ಚುಚ್ಚೋದು ಬಲ್ಬ್ ಹಿಡಿಯೋದು ಏನೂ ಮಾಡಬಾರದು. ಸೆಟ್ಟಿನ ಹಳದಿನೇ ಬೇರೆ ಆ ಹಳದಿನೇ ಬೇರೆ. ವಾರಂಟಿ ಇರೋ ಕಾರಿಗೆ ಒಂದು ವೈರೂ ಕಟ್ ಮಾಡಬೇಡಿ, ಕಾರಿನ ಮಾಡೆಲ್ಲಿಗೆ ಸರಿಯಾಗೋ ಕಪ್ಲರ್ ಸಿಗುತ್ತೆ, ಸೆಟ್ಟಿನ ಕಡೆಯ ಜೋಡಣೆ ಎಲ್ಲ ಅದರ ವೈರಿಗೆ ಮಾಡಿ ಕಾರಿಗೆ ಪ್ಲಗ್ ಮಾಡಿದ್ರೆ ಆಯ್ತು. ನಾಪೋಕ್ಲು ತಮ್ಮಂಗೆ ಆ ಭಾಗ್ಯ ಇಲ್ಲ, ಕಪ್ಲರನ್ನೇ ಕತ್ತರಿಸಿ ಕೊಟ್ಟಿದ್ದಾರೆ.

ನಾಪೋಕ್ಲು_ಹುಡುಗ

ಎಲ್ರಿಗೂ ಥ್ಯಾಂಕ್ಸ್. ಮೀಟರ್ ತಂದೆ, ಕ್ರಿಂಪಿಂಗ್ ಪ್ಲಯರ್ ಪಕ್ಕದ ಮನೆ ಅಣ್ಣಂದು ಸಿಕ್ತು. ಕಾರ್ ಕಡೆ ವೈರು ಅಳೆದು ಬರ್ಕೊಂಡಿದ್ದು ಹಾಕ್ತೀನಿ:

ಬೂದಿ – ಯಾವಾಗ್ಲೂ 12.4
ಕಪ್ಪು – ಯಾವಾಗ್ಲೂ 12.4 (!!)
ಕೆಂಪು – ಯಾವ ಕೀಗೂ ಏನಿಲ್ಲ, ಬಾಡಿ ಜೊತೆ ಸೊನ್ನೆ ಓಮ್ಸ್
ನೀಲಿ – ಎಸಿಸಿಲಿ 12.3, ಕೀ ಆಫ್ ಮಾಡಿದ್ರೆ ಸೊನ್ನೆ
ಕಂದು – ಪಾರ್ಕ್ ಲೈಟ್ ಹಾಕಿದ್ರೆ ಮಾತ್ರ 12.3
ಇನ್ನು ಎರಡು ಜೋಡಿ 3.6, 3.5 ಓಮ್. ಎರಡನೇ ಜೋಡೀಲಿ ಒಂದು ವೈರು ಬಾಡಿಗೂ ತೋರಿಸ್ತಿದೆ. ಹಿಂದೆ ಸ್ಪೀಕರ್ ಇಲ್ಲ.

ಅಂದ್ರೆ ಕೆಂಪು ಅರ್ತು, ಕಪ್ಪು ಕರೆಂಟು? ಬಣ್ಣಕ್ಕೆ ಬಣ್ಣ ಹಾಕಿದ್ರೆ ಏನಾಗ್ತಿತ್ತು?

ಹತ್ತು_ನಂಬರ್_ಸ್ಪ್ಯಾನರ್

ಸೆಟ್ಟಿನ ಅರ್ತಿಗೆ ಬ್ಯಾಟರಿ ಪ್ಲಸ್, ಕೆಂಪಿಗೆ ಮೈನಸ್. ಉಲ್ಟಾ ಹೋದ್ರೆ ಅದೃಷ್ಟ ಇದ್ರೆ ಫ್ಯೂಸ್ ಮಾತ್ರ, ಇಲ್ದಿದ್ರೆ ಸೆಟ್ಟೇ ಹೊಗೆ. ಸೆಟ್ಟಿನ ಕಬ್ಬಿಣದ ಬಾಡಿನೂ ಅರ್ತೇ ಆಗಿರೋದ್ರಿಂದ ಡ್ಯಾಶ್‌ಬೋರ್ಡ್ ಬ್ರಾಕೆಟ್ಟಿಗೆ ತಾಗಿದ ಕ್ಷಣ ಆ ಕಪ್ಪು ವೈರು ನೇರ ಶಾರ್ಟು.

ಆ ಕಪ್ಪು ವೈರು ಕಂಪನಿದಲ್ಲ ಅಂತ ನನ್ನ ಅಂದಾಜು. ಅದು ಎಲ್ಲಿಗೆ ಹೋಗುತ್ತೆ ಅಂತ ಕೈಯಲ್ಲೇ ಹಿಡ್ಕೊಂಡು ಹುಡುಕು. ಬೂದಿ ಕಂಪನಿ ಲೈನಾ ಅಂತ ನೋಡಕ್ಕೆ ಫ್ಯೂಸ್ ಬಾಕ್ಸಲ್ಲಿ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡ್ತಾ ಹೋಗು, ಯಾವುದನ್ನ ಕಿತ್ತಾಗ ಬೂದಿ ಸೊನ್ನೆ ಆಗುತ್ತೋ ಅದೇ ಅದರ ಫ್ಯೂಸು. ಎಷ್ಟು ಆಂಪಿಯರ್ ಅಂತ ಅದರ ಮೇಲೆ ಬರೆದಿರುತ್ತೆ.

ಇನ್ನೊಂದು ಟೆಸ್ಟ್ ಇದೆ, ಇದನ್ನ ಬಿಡಬೇಡ. ಮೀಟರ್ ಕರೆಂಟೇ ಎಳೆಯಲ್ಲ, ಹಂಗಾಗಿ ಒಂದೇ ಎಳೆ ಉಳಿದಿರೋ ಕಿಲುಬು ಹಿಡಿದ ವೈರಲ್ಲೂ 12 ತೋರಿಸುತ್ತೆ. ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿ ಬೂದಿಗೂ ಬಾಡಿಗೂ ಹಿಡಿ, ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತೆ. ಬಲ್ಬ್ ಉರೀತಿರುವಾಗ ಮೀಟರ್ ನೋಡು, 12ರ ಹತ್ರ ನಿಂತ್ರೆ ಲೈನ್ ಗಟ್ಟಿ, 9ಕ್ಕೋ 8ಕ್ಕೋ ಇಳಿದ್ರೆ ಎಲ್ಲೋ ಕೊಳೆತಿದೆ. ಬೂದಿ, ನೀಲಿ ಎರಡಕ್ಕೂ ಮಾಡು. ಅರ್ತ್ ನೋಡಕ್ಕೆ ಬಲ್ಬನ್ನ ಬೂದಿಗೂ ಆ ಕೆಂಪಿಗೂ ಹಿಡಿ. ಇದೆಲ್ಲ ಗುರುತು ಸಿಕ್ಕಿರೋ ವೈರಿಗೆ ಮಾತ್ರ, ಗೊತ್ತಿಲ್ಲದ ವೈರಿಗೆ ಬಲ್ಬ್ ಹಿಡೀಬೇಡ.

ಬಾಡಿಗೆ ತೋರಿಸೋ ಸ್ಪೀಕರ್ ವೈರು ಬಹುಶಃ ಡೋರ್ ಹಿಂಜ್ ಹತ್ರ ರಬ್ಬರ್ ಬೂಟ್ ಒಳಗೆ ಸವೆದಿದೆ. ಬಾಗ್ಲು ತೆಗೆದು ಹಾಕಿ ಹಳೇ ಕಾರಲ್ಲಿ ಅಲ್ಲೇ ಹೋಗೋದು.

ನಾಪೋಕ್ಲು_ಹುಡುಗ

ಅಣ್ಣಾ ನೀವು ಹೇಳಿದ್ದು ಕರೆಕ್ಟ್. ಕಪ್ಪು ವೈರು ಸ್ಟೀರಿಂಗ್ ಕೆಳಗೆ ಫಾಗ್ ಲ್ಯಾಂಪ್ ಸ್ವಿಚ್ಚಿಗೆ ಹೋಗುತ್ತೆ, ಅಲ್ಲಿಂದ ಇಂಜಿನ್ ಕಡೆ ತಗಡಿನ ತೂತಲ್ಲಿ ತೂರಿ ನೇರ ಬ್ಯಾಟರಿ ಪ್ಲಸ್ಸಿಗೆ ಬೋಲ್ಟ್ ಆಗಿದೆ. ಮಧ್ಯ ಫ್ಯೂಸ್ ಇಲ್ಲ. ತೂತಿಗೆ ರಬ್ಬರೂ ಇಲ್ಲ, ತಗಡಿನ ಅಂಚಿಗೆ ತಾಗೋ ಜಾಗದಲ್ಲಿ ವೈರಿನ ಸಿಪ್ಪೆ ಅರ್ಧ ಸವೆದು ಒಳಗೆ ತಾಮ್ರ ಹೊಳೀತಿದೆ. ವೈರು ನೋಡಿದ್ರೆ ಹಬ್ಬಕ್ಕೆ ಸೀರಿಯಲ್ ಲೈಟ್ ಎಳೆಯೋ ತರದ್ದು. ಫೋಟೋ ಹಾಕಿದ್ದೀನಿ.

ಬೂದಿ 15 ಆಂಪಿಯರ್ ಫ್ಯೂಸಿಂದ ಬರ್ತಿದೆ, ಬಲ್ಬ್ ಹಿಡಿದ್ರೆ 12.1. ನೀಲಿ 11.9. ಕೆಂಪು ಅಂದ್ರೆ ಅರ್ತಿಗೆ ಹಿಡಿದ್ರೆ ಬಲ್ಬ್ ಮಂಕು.

ಜೀಪ್_ಸವಾರಿ

ಆ ಫೋಟೋ ನೋಡಿ ಮೈ ಜುಂ ಅಂತು. ಈಗ್ಲೇ ಅದನ್ನ ಬ್ಯಾಟರಿಯಿಂದ ಬಿಚ್ಚಿ ಬಿಸಾಕಿ. ಆ ತಾಮ್ರ ಪೂರ್ತಿ ತಗಡಿಗೆ ತಾಗಿದ್ರೆ ತಡೆಯೋರು ಯಾರೂ ಇಲ್ಲ, ಬ್ಯಾಟರಿ ನೂರಾರು ಆಂಪಿಯರ್ ಕೊಡುತ್ತೆ, ವೈರು ಕೆಂಡ ಆಗಿ ಪಕ್ಕದ್ದನ್ನೂ ಹಚ್ಚುತ್ತೆ. ಎಷ್ಟೋ ಕಾರ್ ಸುಟ್ಟು ಹೋಗೋದು ಇಂಥದ್ರಿಂದನೇ, ಹೆಸರು ಮಾತ್ರ ಇಂಜಿನ್ ಬಿಸಿ ಆಯ್ತು ಅಂತ.

ಹತ್ತು_ನಂಬರ್_ಸ್ಪ್ಯಾನರ್

ಹೌದು, ಅದು ಮೊದಲ ಕೆಲಸ. ಫ್ಯೂಸ್ ಸೆಟ್ಟಿನ ಹಿಂದೆ ಇದೆಯಲ್ಲ ಅಂತ ಕೆಲವರು ವಾದ ಮಾಡ್ತಾರೆ. ಅದು ಸೆಟ್ಟನ್ನ ಕಾಯುತ್ತೆ, ಬ್ಯಾಟರಿಯಿಂದ ಅಲ್ಲೀತನಕ ಬರೋ ವೈರನ್ನ ಕಾಯಲ್ಲ. ಬ್ಯಾಟರಿಯಿಂದ ನೇರ ಲೈನ್ ಎಳೆದ್ರೆ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಒಂದು ಗೇಣೊಳಗೆ ಇರಬೇಕು, ತಗಡು ದಾಟೋ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರೋ ಬಳೆ) ಹಾಕಬೇಕು. ನಿಂಗೆ ಸೆಟ್ಟಿಗೆ ಅದೂ ಬೇಡ, ಬೂದಿ ಲೈನ್ 15 ಆಂಪಿಯರ್ ಫ್ಯೂಸ್ ಸಮೇತ ಗಟ್ಟಿಯಾಗಿದೆ, ಅದೇ ಸಾಕು. ಡಬ್ಬದ ಮೇಲೆ 4×50 ವ್ಯಾಟ್ ಅಂತ ಬರೆದಿದ್ರೆ ಹೆದರಬೇಡ. ಸೆಟ್ಟಿನ ಹಿಂದೆ ಇರೋ ಫ್ಯೂಸ್ 10 ಆಂಪಿಯರ್ ಇದ್ರೆ ಇಂಜಿನ್ ಓಡ್ತಿರುವಾಗ 14.4 ವೋಲ್ಟ್ ಲೆಕ್ಕ ಹಾಕಿದ್ರೂ ಒಳಗೆ ಹೋಗೋದೇ 144 ವ್ಯಾಟು, ಹೊರಗೆ 200 ಎಲ್ಲಿಂದ ಬರುತ್ತೆ? ನಿಜವಾಗಿ ಚಾನೆಲ್ಲಿಗೆ 20 ವ್ಯಾಟ್ ಆಸುಪಾಸು, ಅಷ್ಟಕ್ಕೇ ಬಾಗ್ಲು ನಡುಗುತ್ತೆ.

ಹಳೇ ಅರ್ತ್ ಬಿಟ್ಟುಬಿಡು, ಕೊಳೆತಿದೆ ಅದು. ಡ್ಯಾಶ್‌ಬೋರ್ಡ್ ಒಳಗಿನ ಕಬ್ಬಿಣಕ್ಕೆ ಒಂದು ಬೋಲ್ಟ್ ಹುಡುಕಿ, ಕೆಳಗಿನ ಪೇಂಟ್ ಸ್ಯಾಂಡ್ ಪೇಪರಲ್ಲಿ ಉಜ್ಜಿ ಹೊಳೆಯೋ ತನಕ ತೆಗೆದು, ರಿಂಗ್ ಲಗ್ ಹಾಕಿ ಬಿಗಿ, ಮೇಲೆ ಸ್ವಲ್ಪ ವ್ಯಾಸಲಿನ್ ಸವರು, ತುಕ್ಕು ಹಿಡಿಯಲ್ಲ. ಇಂಜಿನ್ ರೇಸ್ ಮಾಡಿದಾಗ ಸ್ಪೀಕರಲ್ಲಿ ಕುಂಯ್ ಅಂತ ಸದ್ದು ಏರ್ತಾ ಹೋಗೋದು ಬಹಳ ಸಲ ಈ ಅರ್ತ್ ಸಡಿಲ ಇದ್ರೆ.

ಸ್ಪೀಕರ್ ಪ್ಲಸ್ ಮೈನಸ್ ಗೊತ್ತಾಗ್ದಿದ್ರೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲು ಕ್ಷಣಮಾತ್ರ ತಾಗಿಸು, ಸ್ಪೀಕರಿನ ಪರದೆ ಹೊರಗೆ ಬಂದ್ರೆ ಸೆಲ್ಲಿನ ಪ್ಲಸ್ ಹಿಡಿದ ವೈರೇ ಪ್ಲಸ್. ಎರಡೂ ಬಾಗಿಲಿಂದು ಒಂದೇ ತರ ಇರಬೇಕು, ಒಂದು ಉಲ್ಟಾ ಆದ್ರೆ ಬೇಸ್ ತೆಳ್ಳಗಾಗಿಬಿಡುತ್ತೆ. ಸೆಟ್ಟಿನ ಕಡೆ ಉಳಿದಿರೋ ಹಸಿರು, ನೇರಳೆ, ನೀಲಿ ವೈರುಗಳ ತುದಿ ಒಂದೊಂದಕ್ಕೂ ಬೇರೆ ಬೇರೆ ಸ್ಲೀವ್ ಹಾಕಿ ಮುಚ್ಚು, ಎಲ್ಲಾ ಸೇರಿಸಿ ಒಟ್ಟಿಗೆ ಸುತ್ತಬೇಡ.

ನಾಪೋಕ್ಲು_ಹುಡುಗ

ಹಾಡ್ತು!! ಸೆಟ್ಟಿನ ಹಳದಿ ಕಾರಿನ ಬೂದಿಗೆ, ಕೆಂಪು ನೀಲಿಗೆ, ಕಿತ್ತಳೆ ಕಂದಿಗೆ, ಕಪ್ಪು ಹೊಸ ಅರ್ತಿಗೆ. ಹಿಂಜ್ ಹತ್ರ ವೈರು ನೀವು ಹೇಳಿದ ಕಡೆನೇ ಸವೆದಿತ್ತು, ಹೊಸದು ಹಾಕ್ದೆ. ಸೆಲ್ಫ್ ಹೊಡೆಯುವಾಗ ಸೆಟ್ಟು ಒಂದು ಕ್ಷಣ ಆಫ್ ಆಗಿ ಬರುತ್ತೆ, ಅದು ತೊಂದ್ರೆನಾ? ಇನ್ನೊಂದು, ಬ್ಲೂಟೂತ್ ಕ್ಲಿಯರ್ ಆದ್ರೆ ಮಡಿಕೇರಿ ಆಕಾಶವಾಣಿ 103.1 ಹಾಕಿದ್ರೆ ಸರ್ ಅಂತ ಸದ್ದು. ಮನೇಲಿ ರೇಡಿಯೋಲಿ ಚೆನ್ನಾಗೇ ಬರುತ್ತೆ. ಸೆಟ್ಟಿನ ನೀಲಿ ವೈರು ಕೊಡ್ಬೇಕಿತ್ತಾ?

ಕುಶಾಲನಗರದವಳು

ಸೆಲ್ಫ್ ಹೊಡೆಯುವಾಗ ಎಸಿಸಿ ಲೈನ್ ಕಟ್ ಆಗೋದು ಮಾಮೂಲು. ರೇಡಿಯೋಗೆ ನೋಡಿ, ಕೈಯಲ್ಲಿ ಎಳೆಯೋ ಕಡ್ಡಿ ಆಂಟೆನಾ ಆದ್ರೆ ನೀಲಿ ವೈರಿನ ಕೆಲಸ ಇಲ್ಲ, ಬೂಸ್ಟರ್ ಇರೋ ಆಂಟೆನಾಗೆ ಮಾತ್ರ ಅದು. ಮೊದ್ಲು ಸೆಟ್ಟಿನ ಹಿಂದೆ ಆಂಟೆನಾ ಪಿನ್ ಟಕ್ ಅಂತ ಪೂರ್ತಿ ಕೂತಿದೆಯಾ ನೋಡಿ. ಕಡ್ಡಿ ಪೂರ್ತಿ ಎಳೆದಿದ್ದೀರಾ? ಲೈಟರ್ ತೂತಲ್ಲಿ ಮೊಬೈಲ್ ಚಾರ್ಜರ್ ಇದ್ರೆ ಕಿತ್ತು ನೋಡಿ, ಅಗ್ಗದ ಚಾರ್ಜರ್ ಎಫ್‌ಎಮ್ ಮೇಲೆ ಗಲಾಟೆ ಮಾಡುತ್ತೆ. ಸಂಪಾಜೆ ಘಾಟ್ ಇಳಿಯುವಾಗ ಹೋದ್ರೆ ಅದು ಗುಡ್ಡದ ಅಡ್ಡ, ಯಾವ ಸೆಟ್ಟೂ ಏನೂ ಮಾಡಕ್ಕಾಗಲ್ಲ.

ನಾಪೋಕ್ಲು_ಹುಡುಗ

ಅಕ್ಕಾ ಚಾರ್ಜರೇ! ಕಿತ್ತ ತಕ್ಷಣ ಕ್ಲಿಯರ್. ಅಮ್ಮ ಈಗ ಕಾರಲ್ಲೇ ಕೂತು ಕೇಳ್ತಿದ್ದಾರೆ, ಕೀ ಕೊಡಲ್ಲ ಅಂತಿದ್ದಾರೆ.

ಹತ್ತು_ನಂಬರ್_ಸ್ಪ್ಯಾನರ್

ಅಮ್ಮ ಇಳಿದ ಮೇಲೆ ಒಂದು ಕೊನೇ ಟೆಸ್ಟ್, ನಿಂತಿರೋ ಕಾರು ಬ್ಯಾಟರಿಯಿಂದ ಎಷ್ಟು ಎಳೆಯುತ್ತೆ ಅಂತ ನೋಡಕ್ಕೆ. ಕೀ ತೆಗೆದು, ಬಾಗ್ಲೆಲ್ಲ ಹಾಕಿ, ಬ್ಯಾಟರಿ ಮೈನಸ್ ಬಿಚ್ಚಿ ಮೀಟರನ್ನ 10 ಆಂಪಿಯರ್ ತೂತಿಗೆ ಹಾಕಿ ಮೈನಸ್ ಕೇಬಲ್ಲಿಗೂ ಬ್ಯಾಟರಿಗೂ ಮಧ್ಯ ಹಿಡಿ. ಸ್ವಲ್ಪ ಹೊತ್ತು ಬಿಟ್ಟು 50 ಮಿಲಿ ಆಂಪಿಯರಿಗಿಂತ ಕಮ್ಮಿ ಬಂದ್ರೆ ಸರಿ. ಮೀಟರ್ ಹಿಡಿದಿರುವಾಗ ಸೆಲ್ಫ್ ಹೊಡೀಬೇಡ, ಮೀಟರ್ ಫ್ಯೂಸ್ ಹೋಗುತ್ತೆ. ಫಾಗ್ ಲ್ಯಾಂಪಿಗೆ ಈಗ ಲೈನ್ ಇಲ್ಲ ಅಲ್ವಾ, ಮತ್ತೆ ಆ ಸ್ವಿಚ್ಚಿಗೇ ನೇರ ಕೊಡಬೇಡ, 55 ವ್ಯಾಟಿಂದು ಎರಡು ಅಂದ್ರೆ 9 ಆಂಪಿಯರ್ ಆಗುತ್ತೆ. ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು) ಹಾಕಬೇಕು. ಅದಕ್ಕೆ ಬೇರೆ ಥ್ರೆಡ್ ತೆಗಿ, ಬರ್ತೀನಿ.

ನಾಪೋಕ್ಲು_ಹುಡುಗ

22 ಮಿಲಿ ಆಂಪಿಯರ್. ರಿಲೇ ನಾಲ್ಕು ಪಿನ್ನಿಂದಾ ಐದು ಪಿನ್ನಿಂದಾ ಅಣ್ಣಾ?

ಹತ್ತು_ನಂಬರ್_ಸ್ಪ್ಯಾನರ್

ನಾಲ್ಕು ಸಾಕು. ಬೇರೆ ಥ್ರೆಡ್ ಅಂದೆ.